ಇ.ಎಸ್.ಯು.ನಿಂದ ಕೂಲಂಬ್‌ಗೆ: ವಿದ್ಯುದಾವೇಶದ ಹಳೆಯ, ಹೊಸ ಏಕಮಾನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಈ ಲೆಕ್ಕ ಬೇಕಾಗುವವರು ಮುಖ್ಯವಾಗಿ ನಾಲ್ಕು ಬಗೆಯವರು. ಹಳೆಯ ಪ್ರಾಕ್ಟಿಕಲ್ ಪುಸ್ತಕ ಹಿಡಿದ ಡಿಗ್ರಿ ವಿದ್ಯಾರ್ಥಿಗಳು, ಬ್ಯಾಟರಿ ಅಂಗಡಿಯವರು, ಪ್ಲೇಟಿಂಗ್ ಮಾಡುವವರು, ಮತ್ತೆ ಮಣ್ಣು ಪರೀಕ್ಷೆಯ ವರದಿಯಲ್ಲಿ "ಮಿಲಿ ಈಕ್ವಿವಲೆಂಟ್" ಎಂದು ಕಂಡು ತಲೆ ಕೆರೆದುಕೊಳ್ಳುವ ರೈತರು. ನಾಲ್ವರೂ ಅಳೆಯುತ್ತಿರುವುದು ಆವೇಶವನ್ನೇ, ಹೆಸರು ಮಾತ್ರ ಬೇರೆ ಬೇರೆ.

ವಿದ್ಯುದಂಶ, ವಿದ್ಯುದಾವೇಶ, ಚಾರ್ಜ್: ಮೂರೂ ಒಂದೇನಾ?

ಒಂದೇ. ಹಳೆಯ ಕನ್ನಡ ಪುಸ್ತಕಗಳಲ್ಲಿ ವಿದ್ಯುದಂಶ, ಈಗಿನ ಪಠ್ಯದಲ್ಲಿ ಆವೇಶ, ಅಂಗಡಿಯಲ್ಲಿ ಚಾರ್ಜ್. ಆದರೆ "ಮೊಬೈಲ್ ಚಾರ್ಜ್ ಶೇಕಡಾ 40 ಐತಿ" ಎನ್ನುವಾಗ ಮನಸ್ಸಿನಲ್ಲಿರುವುದು ಬಹುಪಾಲು ಶಕ್ತಿ, ಆವೇಶವಲ್ಲ. ಮುಂದೆ ಬರುವ ಅರ್ಧ ಗೊಂದಲಕ್ಕೆ ಇದೇ ಬೇರು.

ಪರಿವರ್ತನೆಯ ಅಂಕಿಗಳೆಲ್ಲ ಒಂದೇ ಕಡೆ ಸಿಗಬಹುದೇ?

1 ಕೂಲಂಬ್ = 1 ಆಂಪಿಯರ್ ಕರೆಂಟು 1 ಸೆಕೆಂಡ್ ಹರಿದರೆ ಸಾಗುವ ಆವೇಶ
1 ಆಂಪಿಯರ್-ಅವರ್ (ಎ.ಎಚ್.) = 3,600 ಕೂಲಂಬ್
1 ಎಂ.ಎ.ಎಚ್. = 3.6 ಕೂಲಂಬ್
1 ಸ್ಟ್ಯಾಟ್‌ಕೂಲಂಬ್ (ಇ.ಎಸ್.ಯು., ಅಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಯೂನಿಟ್; ಫ್ರಾಂಕ್ಲಿನ್ ಎಂದರೂ ಇದೇ) = 3.33564 × 10⁻¹⁰ ಕೂಲಂಬ್
1 ಕೂಲಂಬ್ = 2.99792458 × 10⁹ ಸ್ಟ್ಯಾಟ್‌ಕೂಲಂಬ್
1 ಆಬ್‌ಕೂಲಂಬ್ (ಇ.ಎಂ.ಯು., ಅಂದರೆ ಎಲೆಕ್ಟ್ರೋಮ್ಯಾಗ್ನೆಟಿಕ್ ಯೂನಿಟ್) = 10 ಕೂಲಂಬ್
1 ಫ್ಯಾರಡೆ (ಒಂದು ಮೋಲ್ ಎಲೆಕ್ಟ್ರಾನುಗಳ ಆವೇಶ) = 96,485.33 ಕೂಲಂಬ್ = 26.801 ಎ.ಎಚ್.
1 ಎಲೆಕ್ಟ್ರಾನಿನ ಆವೇಶ = 1.602176634 × 10⁻¹⁹ ಕೂಲಂಬ್ = 4.80320 × 10⁻¹⁰ ಸ್ಟ್ಯಾಟ್‌ಕೂಲಂಬ್
1 ಇಂಟರ್‌ನ್ಯಾಷನಲ್ ಕೂಲಂಬ್ (1948ಕ್ಕೂ ಹಿಂದಿನದು) = 0.99985 ಕೂಲಂಬ್

ಬಾಯಿಲೆಕ್ಕಕ್ಕೆ ಎರಡು ನೆನಪಿದ್ದರೆ ಸಾಕು. 1 ನ್ಯಾನೊಕೂಲಂಬ್ ಸುಮಾರು 3 ಇ.ಎಸ್.ಯು.; 1 ಮೈಕ್ರೊಕೂಲಂಬ್ ಸುಮಾರು 3,000 ಇ.ಎಸ್.ಯು.

ಒಂದೇ ವಸ್ತುವಿಗೆ ಇಷ್ಟೊಂದು ಏಕಮಾನ ಯಾಕೆ ಬಂತು?

ಸೆಂಟಿಮೀಟರ್, ಗ್ರಾಂ, ಸೆಕೆಂಡ್ ಇಟ್ಟುಕೊಂಡು ವಿದ್ಯುತ್ತನ್ನು ಅಳೆಯಲು ಹೊರಟವರಿಗೆ ಎರಡು ದಾರಿ ಇದ್ದವು. ಮೊದಲನೆಯದು ಸ್ಥಿರ ಆವೇಶಗಳ ನಡುವಿನ ಬಲ: ಒಂದು ಸೆಂಟಿಮೀಟರ್ ದೂರದಲ್ಲಿಟ್ಟ ಎರಡು ಸಮ ಆವೇಶಗಳು ಪರಸ್ಪರ ಒಂದು ಡೈನ್ ಬಲದಿಂದ ತಳ್ಳಿದರೆ ಒಂದೊಂದೂ 1 ಇ.ಎಸ್.ಯು. ಎರಡನೆಯದು ಕರೆಂಟು ಹರಿಯುವ ತಂತಿಗಳ ನಡುವಿನ ಬಲ. ಅದರಿಂದ ಹುಟ್ಟಿದ್ದು ಇ.ಎಂ.ಯು. ಎರಡೂ ದಾರಿಯಲ್ಲಿ ಆವೇಶ ಅಳೆದು ಹೋಲಿಸಿದರೆ ಬರುವ ಅನುಪಾತ ಬೆಳಕಿನ ವೇಗ, ಸೆಕೆಂಡಿಗೆ ಸೆಂಟಿಮೀಟರ್‌ಗಳಲ್ಲಿ. ವೆಬರ್ ಮತ್ತು ಕೋಲ್‌ರೌಷ್ 1856ರಲ್ಲಿ ಈ ಅನುಪಾತವನ್ನು ಅಳೆದರು. ಬೆಳಕೇ ವಿದ್ಯುತ್ಕಾಂತ ಅಲೆ ಎಂದು ಮ್ಯಾಕ್ಸ್‌ವೆಲ್ ಹೇಳಲು ಈ ಅಂಕಿ ದೊಡ್ಡ ಆಧಾರವಾಯಿತು. ಏಕಮಾನ ಬದಲಿಸುವ ಬೇಸರದ ಕೆಲಸದೊಳಗೆ ಇಂಥದ್ದು ಅಡಗಿತ್ತು ಎನ್ನುವುದು ಸೋಜಿಗವೇ.

ತಂತಿ ಕಚೇರಿಯವರಿಗೆ, ಎಂಜಿನಿಯರುಗಳಿಗೆ ಇವೆರಡೂ ಒಗ್ಗಲಿಲ್ಲ. ಒಂದು ತೀರಾ ಸಣ್ಣದು, ಇನ್ನೊಂದು ಕೈಗೆ ದೊಡ್ಡದು. 1881ರ ಪ್ಯಾರಿಸ್ ಸಮ್ಮೇಳನದಲ್ಲಿ ವೋಲ್ಟ್, ಓಮ್, ಆಂಪಿಯರ್, ಫ್ಯಾರಡ್ ಜೊತೆ ಕೂಲಂಬ್ ಹೆಸರೂ ನಿಂತಿತು. ಆಂಪಿಯರ್ ಅನ್ನು ಇ.ಎಂ.ಯು. ಕರೆಂಟಿನ ಹತ್ತನೇ ಒಂದು ಪಾಲು ಎಂದು ಇಟ್ಟಿದ್ದರಿಂದ ಆಬ್‌ಕೂಲಂಬ್ ಇವತ್ತಿಗೂ ಸರಿಯಾಗಿ 10 ಕೂಲಂಬ್. 2019ರ ಮೇ 20ರಿಂದ ದಿಕ್ಕೇ ತಿರುಗಿದೆ: ಎಲೆಕ್ಟ್ರಾನಿನ ಆವೇಶವನ್ನೇ ನಿಖರ ಅಂಕಿಯಾಗಿ ಕಟ್ಟಿಹಾಕಿ, ಅದರಿಂದ ಕೂಲಂಬ್ ಪಡೆಯುತ್ತಾರೆ.

ಒಂದು ಪುಸ್ತಕದಲ್ಲಿ 3 × 10⁹, ಇನ್ನೊಂದರಲ್ಲಿ 2.998 × 10⁹. ಯಾವುದು ಸರಿ?

3 ಎನ್ನುವುದು ದುಂಡು ಮಾಡಿದ್ದು. ಪೂರ್ತಿ ಬರೆದರೆ 299 ಕೋಟಿ 79 ಲಕ್ಷ 24 ಸಾವಿರದ 580. ವ್ಯತ್ಯಾಸ ಶೇ. 0.07, ಪರೀಕ್ಷೆಗೆ ಧಾರಾಳ ಸಾಕು. ಆದರೆ ಬಲದ ಲೆಕ್ಕದಲ್ಲಿ ಈ ಅಂಕಿ ವರ್ಗವಾಗುತ್ತದೆ, ತಪ್ಪು ಶೇ. 0.14 ಆಗುತ್ತದೆ. 2019ಕ್ಕೂ ಮೊದಲು ಮೇಲೆ ಪೂರ್ತಿ ಬರೆದ ಈ ಅಂಕಿ ವ್ಯಾಖ್ಯೆಯಿಂದಲೇ ನಿಖರವಾಗಿತ್ತು. ಈಗ ಅದು ಅಳತೆಗೆ ಬಿಟ್ಟ ವಿಷಯ. ಬದಲಾವಣೆ ಹತ್ತನೇ ಅಂಕಿಯ ಆಸುಪಾಸಿನದು, ನಮ್ಮ ಯಾವ ಕೆಲಸಕ್ಕೂ ತಾಗುವುದಿಲ್ಲ.

ಗುಣಿಸಿದ್ದು ಸರಿಯಾಗಿಯೇ ಇದೆ, ಆದರೂ ಬಲದ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಎಲ್ಲಿ ತಪ್ಪುತ್ತಿದೆ?

ಹತ್ತರಲ್ಲಿ ಒಂಬತ್ತು ಸಲ ತಪ್ಪುವುದು ಇಲ್ಲೇ. ಏಕಮಾನ ಬದಲಾದಾಗ ಸೂತ್ರವೂ ಬದಲಾಗುತ್ತದೆ. ಇ.ಎಸ್.ಯು. ಪದ್ಧತಿಯಲ್ಲಿ ಕೂಲಂಬನ ನಿಯಮಕ್ಕೆ ಸ್ಥಿರಾಂಕವೇ ಇಲ್ಲ:

ಬಲ (ಡೈನ್) = ಆವೇಶ × ಆವೇಶ ÷ ದೂರದ ವರ್ಗ (ಸೆಂ.ಮೀ.)

ಇಂದಿನ ಪದ್ಧತಿಯಲ್ಲಿ ಅದೇ ಸೂತ್ರಕ್ಕೆ ಮುಂದೆ 8.98755 × 10⁹ ಬರುತ್ತದೆ, ದೂರ ಮೀಟರಿನಲ್ಲಿ, ಬಲ ನ್ಯೂಟನ್‌ನಲ್ಲಿ.

ಒಂದು ಲೆಕ್ಕ ನೋಡಿ. ತಲಾ 30 ಇ.ಎಸ್.ಯು. ಇರುವ ಎರಡು ಗುಂಡುಗಳು 5 ಸೆಂ.ಮೀ. ದೂರದಲ್ಲಿವೆ. ಹಳೆಯ ದಾರಿ: 30 × 30 ÷ 25 = 36 ಡೈನ್. ಒಂದು ಡೈನ್ 10⁻⁵ ನ್ಯೂಟನ್, ಹಾಗಾಗಿ 3.6 × 10⁻⁴ ನ್ಯೂಟನ್. ಹೊಸ ದಾರಿ: 30 × 3.33564 × 10⁻¹⁰ = 1.0007 × 10⁻⁸ ಕೂಲಂಬ್. ಇದರ ವರ್ಗವನ್ನು 8.98755 × 10⁹ರಿಂದ ಗುಣಿಸಿ 0.05ರ ವರ್ಗದಿಂದ, ಅಂದರೆ 0.0025ರಿಂದ ಭಾಗಿಸಿ. ಮತ್ತೆ 3.6 × 10⁻⁴ ನ್ಯೂಟನ್. ಎರಡೂ ಕೂಡಿದವು.

ಈಗ 30 ಅನ್ನು ಬದಲಿಸದೆ ಹಾಗೇ ಹೊಸ ಸೂತ್ರಕ್ಕೆ ಹಾಕಿ. ಉತ್ತರ ಸುಮಾರು 3.2 × 10¹⁵ ನ್ಯೂಟನ್. ತುಂಗಭದ್ರಾ ಜಲಾಶಯ ತುಂಬಿದಾಗ ನಿಲ್ಲುವ ಸುಮಾರು 105 ಟಿ.ಎಂ.ಸಿ. ನೀರಿನ ತೂಕದ ನೂರು ಪಟ್ಟಿಗೂ ಹೆಚ್ಚು! ಅದು ಬೆರಳ ಗಾತ್ರದ ಎರಡು ಗುಂಡುಗಳ ನಡುವೆ. ಉತ್ತರವನ್ನು ಹೀಗೆ ಕಣ್ಣಳತೆಗೆ ಒಮ್ಮೆ ಹಚ್ಚಿ ನೋಡುವ ರೂಢಿ ಇದ್ದರೆ ಇಂಥ ತಪ್ಪು ಪುಟ ದಾಟುವುದಿಲ್ಲ.

ಇ.ಎಸ್.ಯು. ಮತ್ತು ಕೂಲಂಬ್ ನಡುವೆ "=" ಹಾಕಬಾರದು ಎನ್ನುತ್ತಾರಲ್ಲ?

ಕಟ್ಟುನಿಟ್ಟಾಗಿ ಹೇಳಿದರೆ ಹೌದು. ಸ್ಟ್ಯಾಟ್‌ಕೂಲಂಬ್ ಎನ್ನುವುದು ಗ್ರಾಂ, ಸೆಂಟಿಮೀಟರ್, ಸೆಕೆಂಡುಗಳಿಂದಲೇ ಕಟ್ಟಿದ್ದು; ಕೂಲಂಬ್‌ನಲ್ಲಿ ಆಂಪಿಯರ್ ಎಂಬ ಬೇರೆ ಮೂಲ ಏಕಮಾನ ಇದೆ. ಆದ್ದರಿಂದ "ಇಷ್ಟು ಕೂಲಂಬ್ ಇಷ್ಟು ಸ್ಟ್ಯಾಟ್‌ಕೂಲಂಬ್‌ಗೆ ಹೊಂದುತ್ತದೆ" ಎನ್ನುವುದು ಸರಿಯಾದ ಮಾತು. ಮೇಲಿನ ಪಟ್ಟಿಯಲ್ಲಿ ನಾವೂ "=" ಹಾಕಿದ್ದೇವೆ, ರೂಢಿಗೆ ಮಣಿದು.

ಇದಕ್ಕಿಂತ ಕೆಟ್ಟ ಬಲೆ ಇನ್ನೊಂದಿದೆ. ಕೆಲವು ಸೈದ್ಧಾಂತಿಕ ಭೌತಶಾಸ್ತ್ರದ ಪುಸ್ತಕಗಳು ಹೆವಿಸೈಡ್-ಲೊರೆಂಟ್ಸ್ ಪದ್ಧತಿ ಬಳಸುತ್ತವೆ. ಅದೂ ಸೆಂಟಿಮೀಟರ್-ಗ್ರಾಂ ಪದ್ಧತಿಯೇ, ಆದರೆ ಅಲ್ಲಿ ಆವೇಶದ ಅಂಕಿ 4π ವರ್ಗಮೂಲದಷ್ಟು, ಅಂದರೆ 3.545 ಪಟ್ಟು ದೊಡ್ಡದು. ಕೂಲಂಬನ ನಿಯಮದ ಕೆಳಗೆ 4π ಕಂಡರೆ, ಆದರೆ ಎಪ್ಸಿಲಾನ್ ಕಾಣದಿದ್ದರೆ ಅದು ಈ ಪದ್ಧತಿ. ಅಲ್ಲಿನ ಒಂದು ಏಕಮಾನ 9.41 × 10⁻¹¹ ಕೂಲಂಬ್.

ಹಳೆಯ ಪುಸ್ತಕದಲ್ಲಿ ಎಲೆಕ್ಟ್ರಾನಿನ ಆವೇಶ 4.774 × 10⁻¹⁰ ಎಂದಿದೆ. ಅಚ್ಚಿನ ತಪ್ಪೇ?

ಅಲ್ಲ. ಅದು ಮಿಲಿಕನ್ ಎಣ್ಣೆಹನಿ ಪ್ರಯೋಗದಿಂದ 1913ರಲ್ಲಿ ಕೊಟ್ಟ ಅಂಕಿ, ಇ.ಎಸ್.ಯು.ನಲ್ಲಿ. ಕೂಲಂಬ್‌ಗೆ ತಂದರೆ 1.592 × 10⁻¹⁹, ಇಂದಿನದಕ್ಕಿಂತ ಶೇ. 0.6 ಕಡಿಮೆ. ಗಾಳಿಯ ಸ್ನಿಗ್ಧತೆಗೆ ಅವರು ಬಳಸಿದ ಬೆಲೆ ಕಡಿಮೆಯಿದ್ದುದೇ ಕಾರಣ. ಇಂಥ ಕಡೆ ಏಕಮಾನ ಬದಲಿಸಿದರೆ ಸಾಲದು, ಅಂಕಿಯನ್ನೇ 4.8032 ಮಾಡಿ. ಹಾಗೆ ಲೆಕ್ಕ ಹಾಕಿದರೆ 1 ಇ.ಎಸ್.ಯು.ನಲ್ಲಿ ಸುಮಾರು 208 ಕೋಟಿ ಎಲೆಕ್ಟ್ರಾನುಗಳು.

ಕಂಡೆನ್ಸರ್ ಮೇಲೆ "900 ಸೆಂ.ಮೀ." ಎಂದು ಬರೆದಿದೆ. ಉದ್ದವೇ?

ಹಳೆಯ ಜರ್ಮನ್ ರೇಡಿಯೊಗಳ ಭಾಗಗಳಲ್ಲಿ ಇದು ಸಿಗುತ್ತದೆ. ಇ.ಎಸ್.ಯು. ಪದ್ಧತಿಯಲ್ಲಿ ಧಾರಕತೆಯ ಏಕಮಾನವೇ ಸೆಂಟಿಮೀಟರ್, 1 ಸೆಂ.ಮೀ. = 1.11265 ಪಿಕೊಫ್ಯಾರಡ್. ಹಾಗಾಗಿ ಅದು ಸುಮಾರು 1,000 ಪಿಕೊಫ್ಯಾರಡ್‌ನದು. ಜೊತೆಗೇ ನೆನಪಿಡಿ: 1 ಸ್ಟ್ಯಾಟ್‌ವೋಲ್ಟ್ = 299.79 ವೋಲ್ಟ್. 10 ಸೆಂ.ಮೀ. ತ್ರಿಜ್ಯದ ಲೋಹದ ಗೋಳಕ್ಕೆ 300 ವೋಲ್ಟ್ ಕೊಟ್ಟರೆ ಅದರ ಮೇಲೆ 10 ಇ.ಎಸ್.ಯು., ಅಂದರೆ 3.3 ನ್ಯಾನೊಕೂಲಂಬ್ ಕೂರುತ್ತದೆ.

ಲ್ಯಾಬಿನ ಹಳೆಯ ಬ್ಯಾಲಿಸ್ಟಿಕ್ ಗ್ಯಾಲ್ವನೋಮೀಟರ್‌ನ ಸ್ಥಿರಾಂಕ ನಂಬಬಹುದೇ?

ಪೆಟ್ಟಿಗೆಯ ಮೇಲಿನ ಚೀಟಿ ನಂಬಬೇಡಿ, ಹೊಸದಾಗಿ ಕಟ್ಟಿಕೊಳ್ಳಿ. 0.1 ಮೈಕ್ರೊಫ್ಯಾರಡ್‌ನ ಮೈಕಾ ಕಂಡೆನ್ಸರನ್ನು 2 ವೋಲ್ಟ್‌ಗೆ ಚಾರ್ಜ್ ಮಾಡಿ ಗ್ಯಾಲ್ವನೋಮೀಟರ್ ಮೂಲಕ ಬಿಡಿ. ಹರಿದದ್ದು 0.2 ಮೈಕ್ರೊಕೂಲಂಬ್, ಹಳೆಯ ಲೆಕ್ಕದಲ್ಲಿ 600 ಇ.ಎಸ್.ಯು. ಮೊದಲ ಎಸೆತ ಎಷ್ಟು ಮಿಲಿಮೀಟರ್ ಎಂದು ಸ್ಕೇಲಿನಲ್ಲಿ ಓದಿ, ತೂಗಾಟ ಕುಗ್ಗುವುದರ (ಡ್ಯಾಂಪಿಂಗ್) ತಿದ್ದುಪಡಿಗೆ ಅದನ್ನು (1 + ಲ್ಯಾಂಬ್ಡಾ ÷ 2)ರಿಂದ ಗುಣಿಸಿ. ಲ್ಯಾಂಬ್ಡಾ ಎಂದರೆ ಲಾಗರಿದಮಿಕ್ ಡಿಕ್ರಿಮೆಂಟ್, ಎಸೆತದಿಂದ ಎಸೆತಕ್ಕೆ ತೂಗಾಟ ಎಷ್ಟು ಕುಗ್ಗುತ್ತದೆ ಎನ್ನುವುದರ ಅಳತೆ. ಈ ಅಂಕಿಯಿಂದ 0.2 ಅನ್ನು ಭಾಗಿಸಿದರೆ ಮಿಲಿಮೀಟರಿಗೆ ಎಷ್ಟು ಮೈಕ್ರೊಕೂಲಂಬ್ ಎಂದು ಸಿಗುತ್ತದೆ. ಕೀಲಿ ಒತ್ತಲು ತಡಮಾಡಿದರೆ ಕಂಡೆನ್ಸರಿನಿಂದ ಆವೇಶ ಸೋರಿ ಎಸೆತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಎಬೊನೈಟ್ ಮೇಲಿನ ತೇವವೂ ಇದೇ ಕೆಲಸ ಮಾಡುತ್ತದೆ. ಒಣ ಬಟ್ಟೆಯಿಂದ ಒರೆಸಿ.

ಇಂಟರ್‌ನ್ಯಾಷನಲ್ ಕೂಲಂಬ್ ಯಾವಾಗ ಲೆಕ್ಕಕ್ಕೆ ಬರುತ್ತದೆ?

ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂರಿಸುವ ಕರೆಂಟೇ ಆಂಪಿಯರ್ ಎಂದು ಒಪ್ಪಿಕೊಂಡಿದ್ದ ಕಾಲವೊಂದಿತ್ತು. 1948ರ ಜನವರಿ 1ರಿಂದ ಅದನ್ನು ಕೈಬಿಟ್ಟರು. ವ್ಯತ್ಯಾಸ ಶೇ. 0.015. ಅದಕ್ಕೂ ಹಿಂದಿನ ಬಹಳ ನಿಖರವಾದ ಮಾಪನದ ದಾಖಲೆ ಕೈಗೆ ಬಂದರೆ ಮಾತ್ರ ತಿದ್ದಿ, ಉಳಿದಂತೆ ಬಿಟ್ಟುಬಿಡಿ.

ಇನ್‌ವರ್ಟರ್ ಬ್ಯಾಟರಿ ಮೇಲೆ 150 ಎ.ಎಚ್. ಇದೆ. ಕೂಲಂಬ್ ಎಷ್ಟು, ಅಷ್ಟೂ ನಿಜಕ್ಕೂ ಸಿಗುತ್ತದೆಯೇ?

150 × 3,600 = 5,40,000 ಕೂಲಂಬ್. ಹಳೆಯ ಲೆಕ್ಕದಲ್ಲಿ 54,000 ಆಬ್‌ಕೂಲಂಬ್, ರಸಾಯನ ಶಾಸ್ತ್ರದವರಿಗೆ 5.6 ಫ್ಯಾರಡೆ.

ಸಿಗುವ ಮಾತು ಬೇರೆ. ಪಕ್ಕದಲ್ಲಿ ಸಿ20 ಎಂದು ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಓದಿ. 20 ಗಂಟೆ ಕಾಲ 7.5 ಆಂಪಿಯರ್‌ನಂತೆ ನಿಧಾನ ಎಳೆದರೆ 150 ಎ.ಎಚ್. ಸಿಗುತ್ತದೆ ಎಂದರ್ಥ. ನಾಲ್ಕು ಫ್ಯಾನು, ಟಿ.ವಿ. ಹಚ್ಚಿ 30 ಆಂಪಿಯರ್ ಎಳೆದರೆ 5 ಗಂಟೆ ಬರುವುದಿಲ್ಲ. ಪ್ಯೂಕರ್ಟ್ 1897ರಲ್ಲಿ ಕೊಟ್ಟ ನಿಯಮವನ್ನು 1.2 ಘಾತದೊಂದಿಗೆ ಹಾಕಿದರೆ ಸುಮಾರು 3.8 ಗಂಟೆ, ಅಂದರೆ 114 ಎ.ಎಚ್. ಉಳಿದ ಆವೇಶ ಕಳುವಾಗಿಲ್ಲ. ಫಲಕದ ಒಳಪದರಕ್ಕೆ ಆಸಿಡ್ ಅಷ್ಟು ಬೇಗ ಇಳಿಯುವುದಿಲ್ಲ, ಅದಕ್ಕೇ ವೋಲ್ಟೇಜ್ ಮೊದಲೇ ಕುಸಿಯುತ್ತದೆ. ಒಂದೆರಡು ಗಂಟೆ ಸುಮ್ಮನೆ ಬಿಟ್ಟರೆ ಸ್ವಲ್ಪ ಮರಳಿ ಸಿಗುವುದೂ ಇದರಿಂದಲೇ. ಸೋಲಾರ್ ಬ್ಯಾಟರಿ ಸಿ10 ಲೆಕ್ಕದಲ್ಲಿ ಬರುತ್ತದೆ. ಸಿ20ರ 150 ಮತ್ತು ಸಿ10ರ 150 ಒಂದೇ ಎಂದು ಬೆಲೆ ಹೋಲಿಸಬೇಡಿ, ಎರಡನೆಯದರಲ್ಲಿ ಮಾಲು ಹೆಚ್ಚು.

ಇನ್ನೊಂದು ಸೊಗಸು ಇದೆ. 1 ಎ.ಎಚ್. ಹೊರಬಂದಾಗ ಪ್ರತಿ ಸೆಲ್ಲಿನಲ್ಲಿ 3.66 ಗ್ರಾಂ ಸಲ್ಫ್ಯೂರಿಕ್ ಆಸಿಡ್ ಖರ್ಚಾಗುತ್ತದೆ. ಆರು ಸೆಲ್ಲಿನ ಬ್ಯಾಟರಿಯಿಂದ 150 ಎ.ಎಚ್. ಪೂರ್ತಿ ತೆಗೆದರೆ ಸುಮಾರು 3.3 ಕೆ.ಜಿ. ಆಸಿಡ್. ಹೈಡ್ರೋಮೀಟರಿನ ತೇಲುಬುರುಡೆ ಕೆಳಗಿಳಿಯುವುದು ಅದಕ್ಕೇ. ಅಂಗಡಿಯಲ್ಲಿ ಆ ಗಾಜಿನ ಕೊಳವೆ ಹಿಡಿದವರು ಆವೇಶವನ್ನೇ ಓದುತ್ತಿದ್ದಾರೆ.

ನಮ್ಮ ಕಡೆ ಬೇಸಿಗೆಯಲ್ಲಿ ಬ್ಯಾಟರಿ ನೀರು ಬೇಗ ಇಳಿಯುತ್ತದೆ. ಇದಕ್ಕೂ ಕೂಲಂಬ್‌ಗೂ ನಂಟಿದೆಯೇ?

ನೇರ ನಂಟು. ತುಂಬಿದ ಬ್ಯಾಟರಿಗೆ ಮತ್ತೆ ತುಂಬಿಸುವ ಆವೇಶ ನೀರನ್ನು ಒಡೆಯುತ್ತದೆ: 1 ಎ.ಎಚ್.ಗೆ ಸೆಲ್ಲಿಗೆ 0.336 ಗ್ರಾಂ. ದಿನಕ್ಕೆ 10 ಎ.ಎಚ್. ಹೆಚ್ಚಾಗಿ ಹೋದರೆ ಆರು ಸೆಲ್ಲಿಗೆ 20 ಮಿ.ಲೀ., ತಿಂಗಳಿಗೆ 600 ಮಿ.ಲೀ. ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ದಿನ ಸಾಮಾನ್ಯ 14.4 ವೋಲ್ಟ್ ಸೆಟ್ಟಿಂಗೇ ಹೆಚ್ಚಾಗುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ, ಪ್ರತಿ ಸೆಲ್ಲಿಗೆ ಸುಮಾರು 4 ಮಿಲಿವೋಲ್ಟ್ ಇಳಿಸಬೇಕು. 15 ಡಿಗ್ರಿ, ಆರು ಸೆಲ್: 0.36 ವೋಲ್ಟ್. ಅಂದರೆ 14.0ರ ಹತ್ತಿರ. ಇನ್‌ವರ್ಟರಿನಲ್ಲಿ ಉಷ್ಣತೆಯ ತಿದ್ದುಪಡಿ ಇಲ್ಲದಿದ್ದರೆ ಕನಿಷ್ಠ ಬ್ಯಾಟರಿಯನ್ನು ತಗಡಿನ ಶೆಡ್ಡಿನಿಂದ ನೆರಳಿಗೆ ತನ್ನಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಆವಿಯಾಗಿ ಹೋಗಿದ್ದು ನೀರು, ಆಸಿಡ್ ಒಳಗೇ ಇದೆ.

150 ಎ.ಎಚ್. ಅಂದರೆ ಜೆಸ್ಕಾಂ ಬಿಲ್ಲಿನ ಎಷ್ಟು ಯೂನಿಟ್?

ಇದು ಆವೇಶದ ಪ್ರಶ್ನೆಯಲ್ಲ, ಶಕ್ತಿಯದು. ವೋಲ್ಟೇಜ್ ಗೊತ್ತಿಲ್ಲದೆ ಉತ್ತರವಿಲ್ಲ. 12 ವೋಲ್ಟ್ ಬ್ಯಾಟರಿಯಾದರೆ 150 × 12 = 1,800 ವ್ಯಾಟ್-ಅವರ್, 1.8 ಯೂನಿಟ್. ಚಾರ್ಜ್ ಮಾಡುವಾಗ ನಷ್ಟ ಇರುವುದರಿಂದ ಮೀಟರಿನಲ್ಲಿ ಇದಕ್ಕಿಂತ ಹೆಚ್ಚು ಓಡುತ್ತದೆ. ಎಡಿಸನ್ ಕಾಲದ ಮೊದಲ ಮೀಟರುಗಳು ನಿಜಕ್ಕೂ ಆವೇಶವನ್ನೇ ಅಳೆಯುತ್ತಿದ್ದವು. ಸತುವಿನ ತಗಡನ್ನು ತಿಂಗಳಿಗೊಮ್ಮೆ ತೂಗಿ ಬಿಲ್ಲು ಬರೆಯುತ್ತಿದ್ದರು. ವೋಲ್ಟೇಜ್ ಎಲ್ಲರಿಗೂ ಒಂದೇ ಇದ್ದುದರಿಂದ ಅದು ನಡೆಯಿತು.

10,000 ಎಂ.ಎ.ಎಚ್. ಪವರ್‌ಬ್ಯಾಂಕು 5,000ದ ಫೋನನ್ನು ಎರಡು ಸಲ ಯಾಕೆ ತುಂಬುವುದಿಲ್ಲ?

ಒಳಗಿನ ಸೆಲ್ 3.7 ವೋಲ್ಟ್‌ನದು: 36,000 ಕೂಲಂಬ್, 37 ವ್ಯಾಟ್-ಅವರ್. ಹೊರಗೆ ಬರುವುದು 5 ವೋಲ್ಟ್‌ನಲ್ಲಿ, ಅಲ್ಲಿಗೆ 7,400 ಎಂ.ಎ.ಎಚ್. ಆಯಿತು. ಪರಿವರ್ತನೆಯಲ್ಲಿ ಶೇ. 10-15 ಬಿಸಿಯಾಗಿ ಹೋಗುತ್ತದೆ. ಅಂಗಡಿಯವರದೇ ಮೋಸ ಎಂದು ಜಗಳಕ್ಕೆ ನಿಲ್ಲುವ ಮೊದಲು ಸೆಲ್ಲಿನ ವ್ಯಾಟ್-ಅವರ್ ಓದಿ.

ಪ್ಲೇಟಿಂಗ್‌ಗೆ ಎಷ್ಟು ಆವೇಶಕ್ಕೆ ಎಷ್ಟು ಲೋಹ?

ಶೇ. 100 ದಕ್ಷತೆ ಇದ್ದರೆ 1 ಎ.ಎಚ್.ಗೆ: ತಾಮ್ರ (ಸಲ್ಫೇಟ್ ದ್ರಾವಣ) 1.186 ಗ್ರಾಂ, ಸತು 1.220, ನಿಕ್ಕಲ್ 1.095, ಬೆಳ್ಳಿ 4.025, ಚಿನ್ನ (ಸೈನೈಡ್ ದ್ರಾವಣ, ಒಂದು ಎಲೆಕ್ಟ್ರಾನಿನದು) 7.349.

5 ಆಂಪಿಯರ್ 40 ನಿಮಿಷ ಓಡಿಸಿದರೆ 12,000 ಕೂಲಂಬ್, 3.33 ಎ.ಎಚ್., ತಾಮ್ರ 3.95 ಗ್ರಾಂ. 200 ಚದರ ಸೆಂ.ಮೀ. ಮೇಲ್ಮೈಗೆ ಅದು ಸರಾಸರಿ 22 ಮೈಕ್ರಾನ್ ದಪ್ಪ. ಅಂಚಿನಲ್ಲಿ ಹೆಚ್ಚು, ಗುಳಿಯಲ್ಲಿ ಕಡಿಮೆ.

ಕೆಡುವ ಕಡೆಗಳು ಮೂರು. ತಾಮ್ರದ ಸೈನೈಡ್ ದ್ರಾವಣದಲ್ಲಿ ಪರಮಾಣುವಿಗೆ ಒಂದೇ ಎಲೆಕ್ಟ್ರಾನ್ ಸಾಕು, ಹಾಗಾಗಿ ಅಂಕಿ ದುಪ್ಪಟ್ಟು, 2.371 ಗ್ರಾಂ, ಸಲ್ಫೇಟಿನ ಅಂಕಿ ಹಾಕಿದರೆ ಪದರ ಎರಡರಷ್ಟು ದಪ್ಪ ಬರುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆರು ಎಲೆಕ್ಟ್ರಾನ್ ಬೇಕು, ದಕ್ಷತೆಯೂ ಶೇ. 10-20 ಅಷ್ಟೇ, ಉಳಿದದ್ದೆಲ್ಲ ಹೈಡ್ರೋಜನ್ ಗುಳ್ಳೆ. ಮೂರನೆಯದು ಮೀಟರು. ಆವೇಶಕ್ಕೆ ಬೇಕಾದದ್ದು ಕರೆಂಟಿನ ಸರಾಸರಿ. ಫಿಲ್ಟರ್ ಇಲ್ಲದ ರೆಕ್ಟಿಫೈಯರಿನಲ್ಲಿ ಆರ್.ಎಂ.ಎಸ್. ಓದುವ ಮೀಟರು ಫುಲ್ ವೇವ್‌ಗೆ 1.11 ಪಟ್ಟು, ಹಾಫ್ ವೇವ್‌ಗೆ 1.57 ಪಟ್ಟು ಹೆಚ್ಚು ತೋರಿಸುತ್ತದೆ. ಹಳೆಯ ಮೂವಿಂಗ್ ಕಾಯಿಲ್ ಮುಳ್ಳಿನ ಮೀಟರು ಸರಾಸರಿಯನ್ನೇ ತೋರಿಸುವುದರಿಂದ ಈ ಕೆಲಸಕ್ಕೆ ಅದೇ ವಾಸಿ.

ರಾಯಚೂರು ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯಾದ್ದರಿಂದ ಚಿನ್ನದ ಪ್ರಶ್ನೆ ಬರುವುದು ಸಹಜ. ತೆಳು ಸೈನೈಡ್ ದ್ರಾವಣದಿಂದ ಚಿನ್ನ ಇಳಿಸುವಾಗ 7.349ರ ಹತ್ತಿರಕ್ಕೂ ಹೋಗುವುದಿಲ್ಲ. ದ್ರಾವಣದಲ್ಲಿ ಚಿನ್ನ ಅಷ್ಟು ಕಡಿಮೆ, ಆವೇಶದ ಬಹುಪಾಲು ನೀರು ಮತ್ತು ಕರಗಿದ ಆಮ್ಲಜನಕದ ಮೇಲೆಯೇ ಖರ್ಚಾಗುತ್ತದೆ.

ಫ್ಯಾರಡೆ 96,500, 96,485, 96,522: ಒಂದೊಂದು ಪುಸ್ತಕದಲ್ಲಿ ಒಂದೊಂದು?

96,500 ದುಂಡು ಅಂಕಿ. 1961ರಲ್ಲಿ ಕಾರ್ಬನ್-12 ಆಧಾರ ಬರುವ ಮೊದಲು ಪರಮಾಣು ತೂಕಕ್ಕೆ ಆಮ್ಲಜನಕದ ಎರಡು ಅಳತೆಗೋಲಿದ್ದವು. ರಸಾಯನಶಾಸ್ತ್ರದವರದು 96,496ರ ಹತ್ತಿರ, ಭೌತಶಾಸ್ತ್ರದವರದು 96,522. ಈಗ 96,485.33 ಒಂದೇ.

ಮಣ್ಣಿನ ವರದಿಯ "ಮಿಲಿ ಈಕ್ವಿವಲೆಂಟ್/100 ಗ್ರಾಂ" ಆವೇಶದ ಏಕಮಾನ ಹೇಗಾಗುತ್ತದೆ?

ಒಂದು ಈಕ್ವಿವಲೆಂಟ್ ಎಂದರೆ ಒಂದು ಮೋಲ್ ಆವೇಶ, ಅಂದರೆ ಒಂದು ಫ್ಯಾರಡೆ. ಹಾಗಾಗಿ 1 ಮಿಲಿ ಈಕ್ವಿವಲೆಂಟ್ = 96.485 ಕೂಲಂಬ್. ಜೇಡಿ ಕಣಗಳ ಮೇಲೆ ಋಣ ಆವೇಶ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಅಯಾನುಗಳು ಅದಕ್ಕೆ ಅಂಟಿ ಕೂತಿರುತ್ತವೆ. ಎಷ್ಟು ಕೂರಬಲ್ಲವು ಎನ್ನುವುದೇ ಧನ ಅಯಾನು ವಿನಿಮಯ ಸಾಮರ್ಥ್ಯ. ಹೊಸ ವರದಿಗಳಲ್ಲಿ ಇದನ್ನು ಕೆ.ಜಿ.ಗೆ ಸೆಂಟಿಮೋಲ್ ಎಂದು ಬರೆಯುತ್ತಾರೆ. ಗಾಬರಿ ಬೇಡ, ಅಂಕಿ ಬದಲಾಗುವುದಿಲ್ಲ: 40 ಮಿಲಿ ಈಕ್ವಿವಲೆಂಟ್/100 ಗ್ರಾಂ ಎಂದರೆ 40 ಸೆಂಟಿಮೋಲ್/ಕೆ.ಜಿ. ಅದೃಷ್ಟಕ್ಕೆ, ಹಳೆಯದರಿಂದ ಹೊಸದಕ್ಕೆ ಏನೂ ಗುಣಿಸಬೇಕಿಲ್ಲದ ಪರಿವರ್ತನೆ ಇದೊಂದೇ.

ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಸಿಂಧನೂರು ಭಾಗದ ಎರೆ ಹೊಲಗಳಲ್ಲಿ ಚೌಳು, ಕ್ಷಾರದ ತೊಂದರೆ ಇರುವುದರಿಂದ ಈ ಅಂಕಿಗೆ ಬೆಲೆ ಹೆಚ್ಚು. ಕೂತಿರುವ ಆವೇಶದಲ್ಲಿ ಸೋಡಿಯಂ ಪಾಲು ಶೇ. 15 ದಾಟಿದರೆ ಮಣ್ಣು ಕ್ಷಾರ ಎನ್ನುತ್ತಾರೆ. ಸೋಡಿಯಂ ತೆಗೆದು ಆ ಜಾಗಕ್ಕೆ ಕ್ಯಾಲ್ಸಿಯಂ ಕೂರಿಸುವುದೇ ಜಿಪ್ಸಮ್ ಹಾಕುವುದರ ಗುಟ್ಟು. ಜಿಪ್ಸಮ್‌ನ ಈಕ್ವಿವಲೆಂಟ್ ತೂಕ 86.09 ಗ್ರಾಂ. ಹೆಕ್ಟೇರಿಗೆ 15 ಸೆಂ.ಮೀ. ಆಳದ ಮಣ್ಣು 22.4 ಲಕ್ಷ ಕೆ.ಜಿ. ಎಂದು ಹಿಡಿದರೆ, 100 ಗ್ರಾಂಗೆ 1 ಮಿಲಿ ಈಕ್ವಿವಲೆಂಟ್ ಸೋಡಿಯಂ ತೆಗೆಯಲು ಎಕರೆಗೆ ಸುಮಾರು 780 ಕೆ.ಜಿ. ಶುದ್ಧ ಜಿಪ್ಸಮ್ ಬೇಕು.

ಸಾಮರ್ಥ್ಯ 40, ಸೋಡಿಯಂ 10 (ಶೇ. 25) ಇದೆ ಎನ್ನಿ. ಶೇ. 10ಕ್ಕೆ ಇಳಿಸಲು 4 ಉಳಿಸಿ 6 ತೆಗೆಯಬೇಕು: 6 × 780 = 4,680 ಕೆ.ಜಿ. ತಂದ ಜಿಪ್ಸಮ್ ಶೇ. 70 ಶುದ್ಧವಾದರೆ 4,680 ÷ 0.7, ಅಂದರೆ 6.7 ಟನ್. ಇದು ಕಾಗದದ ಲೆಕ್ಕ. ಎಷ್ಟು ಕಂತಿನಲ್ಲಿ, ಎಷ್ಟು ಪಾಲು ಹಾಕಬೇಕು ಎನ್ನುವುದನ್ನು ವರದಿ ನೋಡಿದ ಕೃಷಿ ತಜ್ಞರೇ ಹೇಳಬೇಕು. ಜಿಪ್ಸಮ್ ಹಾಕಿ ಬಸಿಗಾಲುವೆ ತೆಗೆಯದಿದ್ದರೆ ದುಡ್ಡು ಹೋದಂತೆ: ಬಿಡಿಸಿಕೊಂಡ ಸೋಡಿಯಂ ನೀರಿನೊಡನೆ ಹೊರಗೆ ಹೋಗದೆ ಅಲ್ಲೇ ಮತ್ತೆ ಅಂಟುತ್ತದೆ.

ಎಕರೆಗೆ 15 ಸೆಂ.ಮೀ. ಆಳದ ಮಣ್ಣಿನಲ್ಲಿ 100 ಗ್ರಾಂಗೆ ಒಂದೇ ಒಂದು ಮಿಲಿ ಈಕ್ವಿವಲೆಂಟ್ ಎಂದರೂ 87 ಕೋಟಿ ಕೂಲಂಬ್, 150 ಎ.ಎಚ್.ನ 1,600ಕ್ಕೂ ಹೆಚ್ಚು ಬ್ಯಾಟರಿಗಳಷ್ಟು. ಹೊಲಕ್ಕೆ ವೈರ್ ಹಚ್ಚಿ ಬಲ್ಬ್ ಉರಿಸಬಹುದೇ ಎಂದರೆ, ಇಲ್ಲ. ಋಣಕ್ಕೆ ಧನ ಸರಿಸಮ ಕೂತಿದೆ, ತಳ್ಳುವ ವೋಲ್ಟೇಜ್ ಇಲ್ಲ.

ನೀರಿನ ವರದಿಯಲ್ಲಿ ಮಿಲಿಗ್ರಾಂ/ಲೀಟರ್ ಇದೆ. ಮಿಲಿ ಈಕ್ವಿವಲೆಂಟ್ ಮಾಡುವುದು ಹೇಗೆ?

ಭಾಗಿಸಿ: ಸೋಡಿಯಂ 23ರಿಂದ, ಕ್ಯಾಲ್ಸಿಯಂ 20, ಮೆಗ್ನೀಸಿಯಂ 12.15, ಬೈಕಾರ್ಬೊನೇಟ್ 61, ಕ್ಲೋರೈಡ್ 35.45, ಸಲ್ಫೇಟ್ 48. ಇದರ ನಿಜವಾದ ಲಾಭ ವರದಿಯ ತಾಳೆ ನೋಡುವುದು. ನೀರಿನಲ್ಲಿ ಧನ, ಋಣ ಆವೇಶ ಸಮ ಇರಲೇಬೇಕು. ಸೋಡಿಯಂ 230, ಕ್ಯಾಲ್ಸಿಯಂ 60, ಮೆಗ್ನೀಸಿಯಂ 24.3 ಎಂದರೆ 10 + 3 + 2 = 15. ಬೈಕಾರ್ಬೊನೇಟ್ 366, ಕ್ಲೋರೈಡ್ 213, ಸಲ್ಫೇಟ್ 120 ಎಂದರೆ 6 + 6 + 2.5 = 14.5. ವ್ಯತ್ಯಾಸ 0.5ನ್ನು ಎರಡರ ಮೊತ್ತ 29.5ರಿಂದ ಭಾಗಿಸಿದರೆ ಶೇ. 1.7, ಒಪ್ಪಬಹುದು. ಶೇ. 5 ದಾಟಿದರೆ ಒಂದೋ ಯಾವುದೋ ಅಯಾನು ಅಳೆದಿಲ್ಲ (ನೈಟ್ರೇಟ್ ಬಿಟ್ಟುಹೋಗುವುದು ಹೆಚ್ಚು), ಇಲ್ಲವೇ ಅಂಕಿ ಬರೆಯುವಾಗ ತಪ್ಪಿದೆ. ಮತ್ತೆ ಪರೀಕ್ಷೆಗೆ ಕೊಡಿ.

ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೈಗೆ ಚುರುಕ್ ಎನ್ನುವ ಶಾಕ್: ಎಷ್ಟು ಕೂಲಂಬ್?

ಮನುಷ್ಯನ ಮೈಯ ಧಾರಕತೆ ಸುಮಾರು 100 ಪಿಕೊಫ್ಯಾರಡ್. ಒಣ ಹವೆಯಲ್ಲಿ 10,000 ವೋಲ್ಟ್‌ಗೆ ಏರಿದರೆ 1 ಮೈಕ್ರೊಕೂಲಂಬ್, ಸುಮಾರು 3,000 ಇ.ಎಸ್.ಯು. ಮೈಗೆ ಅಪಾಯವಿಲ್ಲ, ಹತ್ತಿ ಧೂಳಿನ ನಡುವೆ ಕಿಡಿ ಮಾತ್ರ ಒಳ್ಳೆಯದಲ್ಲ. ಯಂತ್ರಕ್ಕೆ ಅರ್ಥಿಂಗ್ ಸರಿ ಇರಲಿ, ಹವೆಯಲ್ಲಿ ತೇವ ಇರಲಿ. ಶಕ್ತಿನಗರ, ಕುಡಿತಿನಿಯಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಹಾರುಬೂದಿ ಹಿಡಿಯುವ ಯಂತ್ರವೂ ಕಣಗಳಿಗೆ ಆವೇಶ ಕೊಟ್ಟೇ ಎಳೆಯುತ್ತದೆ. ಹಳೆಯ ಲೇಖನಗಳಲ್ಲಿ ಗ್ರಾಂಗೆ ಇಷ್ಟು ಇ.ಎಸ್.ಯು. ಎಂದಿದ್ದರೆ 2,998ರಿಂದ ಭಾಗಿಸಿ, ಗ್ರಾಂಗೆ ಮೈಕ್ರೊಕೂಲಂಬ್ ಸಿಗುತ್ತದೆ.

ಸಿಡಿಲಿನಲ್ಲಿ ಎಷ್ಟು?

ಒಂದು ಸಾಮಾನ್ಯ ಸಿಡಿಲು ಇಳಿಸುವುದು 20 ಕೂಲಂಬ್ ಆಸುಪಾಸು. ಬೈಕಿನ 5 ಎ.ಎಚ್. ಬ್ಯಾಟರಿಯಲ್ಲಿ 18,000 ಕೂಲಂಬ್ ಇದೆ. ಕೊಲ್ಲುವುದು ಆವೇಶದ ಮೊತ್ತವಲ್ಲ. ಅದು ಕಣ್ಣುಮಿಟುಕಿಸುವುದರೊಳಗೆ, ಕೋಟಿಗಟ್ಟಲೆ ವೋಲ್ಟ್‌ನ ಒತ್ತಡದಲ್ಲಿ ಹರಿಯುವುದು.

ಎಕ್ಸೆಲ್‌ನಲ್ಲಿ ಇ.ಎಸ್.ಯು.ನಿಂದ ಕೂಲಂಬ್ ಮಾಡಿದರೆ 0.00 ಎಂದು ತೋರಿಸುತ್ತದೆ.

ಲೆಕ್ಕ ಸರಿ ಇದೆ, ತೋರಿಸುವ ರೀತಿ ತಪ್ಪು. ಸೆಲ್ಲಿನ ಫಾರ್ಮ್ಯಾಟನ್ನು ಸೈಂಟಿಫಿಕ್‌ಗೆ ಬದಲಿಸಿ, ದಶಮಾಂಶ ಐದು ಸ್ಥಾನ ಇಡಿ. 3.33564 × 10⁻¹⁰ ಅನ್ನು ಒಂದೇ ಕೋಶದಲ್ಲಿ ಬರೆದು ಎಲ್ಲ ಸಾಲುಗಳೂ ಅದನ್ನೇ ನೋಡುವಂತೆ ಮಾಡಿ. ಸಾಲುಸಾಲಿಗೆ ಬೆರಳಚ್ಚು ಮಾಡಿದರೆ ಎಲ್ಲಾದರೂ ಒಂದು ಕಡೆ ಘಾತದ ಋಣ ಚಿಹ್ನೆ ಬಿಟ್ಟುಹೋಗುತ್ತದೆ. ತಾಳೆಗೆ ಕೊನೆಯ ಸಾಲಿನಲ್ಲಿ 3,000 ಇ.ಎಸ್.ಯು. ಹಾಕಿ ನೋಡಿ, ಒಂದು ಮೈಕ್ರೊಕೂಲಂಬ್‌ನ ಹತ್ತಿರ ಬರಬೇಕು.